ಕರ್ತನ ಮೇಜಿನ ಬಟ್ಟೆ

ಬಟ್ಟೆಯನ್ನು ಬಚ್ಚಿಟ್ಟವಳು ಅತ್ತೆ ಹೆಪ್ಸಿ. ಕೇಳಿದವನು ಅವಳ ಮಗ ಆರ್ಲಿಸ್. ತೆಗೆದುಕೊಟ್ಟವಳು ಸೊಸೆ ವರ್ಡಿ. ಮೂವರೂ ಒಂದೇ ಒಲೆಯ ಸುತ್ತ ಓಡಾಡುವವರು. ಒಬ್ಬರು ಇನ್ನೊಬ್ಬರಿಗೆ ಒಂದೇ ಒಂದು ಮಾತು ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ದೇವರು ಮೂವರಿಗೂ ನಾಲಿಗೆ ಕೊಟ್ಟಿದ್ದ. ಆ ಒಂದು ದಿನ ಯಾರೂ ಅದನ್ನು ಬಳಸಲಿಲ್ಲ.

ಷಿಕಾಗೋದ ದಕ್ಷಿಣ ಭಾಗದಲ್ಲಿ, ಮೂರನೆಯ ಮಹಡಿಯ ಮೇಲೆ ಅವರದು ಎರಡು ಕೋಣೆಯ ಮನೆ. ಹಿಂದಿನ ಕಿಟಕಿಯ ಮಟ್ಟಕ್ಕೇ ರೈಲು ಹಾದುಹೋಗುತ್ತಿತ್ತು. ಅದು ಬಂತೆಂದರೆ ಗೂಟಕ್ಕೆ ಹಾಕಿದ ಬಟ್ಟಲುಗಳು ಒಂದಕ್ಕೊಂದು ಮಾತಾಡುತ್ತಿದ್ದವು. ಮನೆಯವರು ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಿ, ರೈಲು ಹೋದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಿದ್ದರು. ಬಚ್ಚಲು ಎದುರುಮನೆಯ ಐಡೆಲ್ಲಾಳ ಜೊತೆ ಪಾಲು. ಐಡೆಲ್ಲಾ ಒಂಟಿ ವಿಧವೆ, ಹೆಪ್ಸಿಗಿಂತ ಹತ್ತು ವರ್ಷ ಚಿಕ್ಕವಳು, ಕೇಕಿನ ಪಾತ್ರೆಯಿಂದ ಹಿಡಿದು ಇಸ್ತ್ರಿಪೆಟ್ಟಿಗೆಯವರೆಗೆ ಎಲ್ಲವನ್ನೂ ಕೊಟ್ಟು ತೆಗೆದುಕೊಂಡು ಇದ್ದವಳು.

ಆರ್ಲಿಸ್ ಬೋರ್ಡು ಬರೆಯುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೀನಿನಂಗಡಿಯ ರೇಟು, ಕ್ಷೌರದಂಗಡಿಯ ಹೆಸರು, ಸಿನಿಮಾ ಮನೆಯ ಮುಂದಿನ ಹಲಗೆ, ಎಲ್ಲ ಅವನ ಕೈಯವೇ. ಮನೆಯಲ್ಲಿ ಮಾತ್ರ ಅವನು ಮನುಷ್ಯರನ್ನು ಬರೆಯುತ್ತಿದ್ದ. ರಟ್ಟಿನ ಮೇಲೆ, ಹಿಟ್ಟಿನ ಚೀಲದ ಮೇಲೆ, ಒಮ್ಮೆ ಮುರಿದ ಬೀರುವಿನ ಬಾಗಿಲ ಮೇಲೆ. ಆ ಫೆಬ್ರವರಿಯಲ್ಲಿ ಒಂದು ದಿನ ಊಟಕ್ಕೆ ಕೂತವನು, "ದೊಡ್ಡದು ಬೇಕು ವರ್ಡಿ. ಇಷ್ಟಗಲ," ಎಂದು ಎರಡೂ ಕೈ ಚಾಚಿದ. ಗೋಡೆಯ ಬಾಣಲೆ ಧಡಾರನೆ ಬಿತ್ತು.

"ಈ ಮನೇಲಿ ಕೈ ಚಾಚಿದ್ರೆ ಏನಾದ್ರೂ ಬಿದ್ದೇ ಬೀಳತ್ತೆ," ಎಂದಳು ವರ್ಡಿ. "ಅಷ್ಟು ದೊಡ್ಡ ಚಿತ್ರ ಎಲ್ಲಿಡ್ತೀಯ?"

"ಗೋಡೆಗೆ."

"ಗೋಡೆ ಮುಂದೆ ನಿಮ್ಮಮ್ಮನ ಮಂಚ ಇದೆ."

"ಮಂಚದ ಮೇಲ್ಗಡೆ."

"ಹಾಗಾದ್ರೆ ಅವರನ್ನೇ ಕೇಳು. ನಾನಂತೂ ಕೇಳಲ್ಲಪ್ಪ."

ಅವನು ಕೇಳಲಿಲ್ಲ. ಕೇಳಿದ್ದು ಬಟ್ಟೆಯನ್ನು, ಅದೂ ಹೆಂಡತಿಯನ್ನು. ಬುಧವಾರ ಸಂಜೆ ಹೆಪ್ಸಿ ಪ್ರಾರ್ಥನೆಯ ಕೂಟಕ್ಕೆ ಹೋಗಿದ್ದಾಗ ವರ್ಡಿ ಕಿಟಕಿಯ ಕೆಳಗಿನ ಪೆಟ್ಟಿಗೆ ತೆರೆದು, ಅತ್ತೆಯ ಕೌದಿಚೂರುಗಳ ಚೀಲದೊಳಗೆ ಕೈ ಹಾಕಿದಳು. ಹಳೆಯ ಅಂಗಿ, ಹಳೆಯ ಲಂಗ, ಹರಿದ ಪರದೆ. ಎಲ್ಲದರ ಅಡಿಯಲ್ಲಿ ಒಂದು ದಪ್ಪ ನಾರುಬಟ್ಟೆ, ಅಂಚು ಹಳದಿಯಾಗಿ, ನಾಲ್ಕು ಮಡಿಕೆಯಾಗಿ ಇತ್ತು. ಕೌದಿಯ ಒಳಪದರಕ್ಕೆಂದು ಇಟ್ಟಿದ್ದಾರೆ ಅಂದುಕೊಂಡಳು. ಅದರ ಬದಲಿಗೆ ತನ್ನ ಒಂದು ಗಟ್ಟಿ ದುಪ್ಪಟಿಯನ್ನು ಚೀಲಕ್ಕೆ ಹಾಕಿಟ್ಟಳು. ಹೇಳಬೇಕು ಅಂದುಕೊಂಡಿದ್ದಳು. ಮರುದಿನ ತಲೆ ಬಾಚಿಸಿಕೊಳ್ಳುವವರು ನಾಲ್ಕು ಜನ ಬಂದರು. ವರ್ಡಿ ಅಡುಗೆಮನೆಯಲ್ಲೇ ಕಬ್ಬಿಣದ ಬಾಚಣಿಗೆ ಕಾಯಿಸಿ ಹೆಂಗಸರ ಕೂದಲು ನೇರ ಮಾಡಿಕೊಡುವವಳು. ಮಾತು ಮರೆತುಹೋಯಿತು.

ಆರ್ಲಿಸ್ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. "ಎಲ್ಲಿತ್ತೇ ಇದು? ರಾಜರ ಮನೆ ಬಟ್ಟೆ ಇದ್ದಂಗಿದೆ."

"ಚಿಂದಿ ಚೀಲದಲ್ಲಿತ್ತು. ಮೂಲೇಲಿ ರಫು ಇದೆ ನೋಡು."

"ಇರಲಿ. ರಫು ಇದ್ದರೆ ಅಲ್ಲಿ ಒಬ್ಬನ ಭುಜ ಬರಿಸ್ತೀನಿ."

ಚೌಕಟ್ಟಿಗೆ ಎಳೆದು ಮೊಳೆ ಹೊಡೆದ. ಬಣ್ಣ ಹಿಡಿಯಲೆಂದು ಬಟ್ಟೆಗೆ ಬಳಿಯುವ ಅಂಟನ್ನು ಅಂಗಡಿಯಿಂದ ತಂದು ಒಲೆಯ ಮೇಲೆ ಕಾಯಿಸುವಾಗ ಮನೆಯೆಲ್ಲ ನಾರಿತು. ಹೆಪ್ಸಿ ಸೆರಗಿನಂತೆ ಏಪ್ರನ್ನನ್ನು ಮೂಗಿಗೆ ಹಿಡಿದು, "ಒಲೆ ಮೇಲೆ ಏನೋ ಸತ್ತಿದೆ," ಎಂದಳು.

"ಮೊಲದ ಚರ್ಮದ ಅಂಟಮ್ಮಾ."

"ಹಳ್ಳೀಲಿ ಮೊಲ ಸಿಕ್ಕಿದ್ರೆ ಸಾರು ಮಾಡಿ ಮಕ್ಕಳಿಗೆ ಹಾಕ್ತಿದ್ವಿ. ನೀನು ಬಟ್ಟೆಗೆ ತಿನ್ನಿಸ್ತೀಯ." ಹೀಗೆಂದವಳೇ, ಪಾತ್ರೆ ಇಳಿಸಲು ಮಗನ ಕೈ ಸುಡಬಾರದೆಂದು ತಾನೇ ಮಸಿಬಟ್ಟೆ ಮಡಿಸಿ ಕೊಟ್ಟಳು. ತನ್ನ ತಾಯಿಯ ಬಟ್ಟೆಗೇ ಅಂಟು ಬೀಳುತ್ತಿದೆಯೆಂದು ಅವಳಿಗೇನು ಗೊತ್ತು?

ಭಾನುವಾರ ಬೆಳಗ್ಗೆ ಒಂದೇ ಆರ್ಲಿಸನಿಗೆ ಉಳಿದಿದ್ದ ಹಗಲು. ಶನಿವಾರ ಸಂಜೆ ಜನ ಕುಣಿಯಲು ಸೇರುವ ನೀಲಿದೀಪದ ಹಾಲ್‌ಗೆ ಹೋಗಿ ಮೂಲೆಯಲ್ಲಿ ನಿಂತು, ಅಗಸರ ಚೀಟಿಗಳ ಬೆನ್ನಿನ ಮೇಲೆ ಕುಣಿಯುವವರನ್ನೂ ತುತ್ತೂರಿ ಊದುವವರನ್ನೂ ಗೀಚಿಕೊಂಡು ಬರುತ್ತಿದ್ದ. ಬೆಳಗ್ಗೆ ಎದ್ದು ಬಣ್ಣ ಕಲಸುತ್ತಿದ್ದ. ತಾಯಿ ಟೋಪಿ ಇಟ್ಟುಕೊಂಡು ಚರ್ಚಿಗೆ ಹೊರಡುವ ಹೊತ್ತಿಗೇ ಅವನು ಕುಂಚ ಹಿಡಿಯುವುದು.

"ಕರ್ತನ ದಿನ ಕಣೋ ಇದು."

"ಬೆಳಕೂ ಅವನದೇ ಅಲ್ವಾ ಅಮ್ಮಾ. ಆರು ದಿನದ ಬೆಳಕಲ್ಲಿ ಮೀನಿನ ರೇಟು ಬರೀತೀನಿ."

"ಬರೀಲೇಬೇಕು ಅಂದ್ರೆ ಯೊರ್ದಾನ್ ಹೊಳೆ ಬರಿ. ಕುರುಬ, ಕುರಿ, ಅಂಥದ್ದು ಬರಿ. ಆ ಹಾಲ್‌ನಲ್ಲಿ ಬಿದ್ದಿರೋರ ಮುಖ ಯಾವ ಮನೆಯವರು ಗೋಡೆಗೆ ಹಾಕ್ಕೋತಾರೆ?"

"ಯೊರ್ದಾನ್ ನಾನು ನೋಡಿಲ್ಲ. ಕುರಿ ನೋಡಿದ್ದು ಇಲ್ಲಿ ಕಸಾಯಿಖಾನೇಲಿ, ತಲೆಕೆಳಗಾಗಿ ನೇತು ಹಾಕಿದ್ದು. ಅದನ್ನ ಬರೀಲಾ?"

ಹದಿಮೂರು ವರ್ಷದ ಮೊಮ್ಮಗಳು ಕ್ಲೀಟಾ ಕಿಸಕ್ಕನೆ ನಕ್ಕಳು. ಹೆಪ್ಸಿ ಅವಳ ಕೈಗೆ ಹಾಡಿನ ಪುಸ್ತಕ ಕೊಟ್ಟು ದರದರ ಎಳೆದುಕೊಂಡು ಹೋದಳು. ತನ್ನ ಮಂಚದ ಮೇಲ್ಗಡೆ ಗೋಡೆಗೆ ನಿಂತ ಚಿತ್ರವನ್ನು ಅವಳು ನೋಡುತ್ತಿರಲಿಲ್ಲ. ಅದರ ಕಡೆಗೆ ಬೆನ್ನು ಹಾಕಿ ಬಟ್ಟೆ ಮಡಿಸುತ್ತಿದ್ದಳು, ಮಲಗುವಾಗ ಅದರ ಮೇಲೆ ತನ್ನ ಶಾಲು ಎಸೆಯುತ್ತಿದ್ದಳು.

ವರ್ಡಿ ಮಾತ್ರ ಪಾತ್ರೆ ತೊಳೆಯುತ್ತ ನೋಡುತ್ತಿದ್ದಳು. ವಾರದಿಂದ ವಾರಕ್ಕೆ ಬಟ್ಟೆಯ ಮೇಲೆ ಜನ ಸೇರುತ್ತಿದ್ದರು. ಮೊದಲು ನೀಲಿದೀಪ ಬಂತು. ಆಮೇಲೆ ಊದುವವನ ಉಬ್ಬಿದ ಕೆನ್ನೆ, ಚಪ್ಪಲಿ ಕೈಯಲ್ಲಿ ಹಿಡಿದು ಕುಣಿಯುವ ಹುಡುಗಿ, ಮೇಜಿನ ಮೇಲೆ ಮೊಣಕೈಯೂರಿ ಬಾಯ್ತುಂಬ ನಗುವ ಬಡಕಲು ಮನುಷ್ಯ.

"ಅಪ್ಪಾ, ಎಲ್ರಿಗೂ ಒಂದೇ ಡಬ್ಬಿ ಕಂದುಬಣ್ಣ ಬಳಿದ್ರೆ ಬೇಗ ಮುಗಿಯಲ್ವಾ?" ಎಂದು ಕ್ಲೀಟಾ ಕೇಳಿದಳು.

"ಬಾ ಇಲ್ಲಿ," ಎಂದು ಆರ್ಲಿಸ್ ಮಗಳ ಮುಂಗೈಯನ್ನು ಹೆಂಡತಿಯ ಮುಂಗೈ ಪಕ್ಕಕ್ಕೆ ಇಟ್ಟ. "ನಿಮ್ಮಮ್ಮ ಹುರಿದ ಕಡಲೇಕಾಯಿ. ನೀನು ಶುಂಠಿ ಕೇಕು. ನಿಮ್ಮಜ್ಜಿ ಒಲೆ ಮೇಲಿನ ಕಬ್ಬಿಣದ ಬಾಣಲೆ, ಎಣ್ಣೆ ಸವರಿದ್ದು. ಒಂದು ಡಬ್ಬೀಲಿ ಯಾವುದು ಬರತ್ತೆ ಹೇಳು?"

"ನೀನು?"

"ನಾನು ಸೀದ ರೊಟ್ಟಿ," ಎಂದ ಅವನು. ವರ್ಡಿ ಒದ್ದೆ ಕೈಯಿಂದ ಅವನ ಬೆನ್ನಿಗೆ ಒಂದು ಕೊಟ್ಟಳು.

ಏಪ್ರಿಲ್ ಮೊದಲ ವಾರ ಕಾಗದ ಬಂತು. ಅವೆನ್ಯೂನಲ್ಲಿ ನಮ್ಮ ಕಪ್ಪುಜನರದೇ ಒಂದು ಕಲಾಮನೆ ಹೊಸದಾಗಿ ತೆರೆಯುವುದಿತ್ತು. ಮೇ ತಿಂಗಳ ಮಧ್ಯದಲ್ಲಿ ಆರಂಭ. ಆರ್ಲಿಸನ ಚಿತ್ರವನ್ನು ನೋಡಿಹೋದವರು ಅದನ್ನು ಆರಿಸಿದ್ದರು. ಹದಿನಾರು ವರ್ಷ ಬರೆದವನಿಗೆ ಮೊದಲ ಸಲ ಒಬ್ಬರು ಹೂಂ ಅಂದಿದ್ದರು. ವರ್ಡಿ ಅಲಸಂದೆ ಬೇಯಿಸಿದಳು, ಹೊಗೆಯಾಡಿಸಿದ ಹಂದಿಮಾಂಸದ ತುಂಡು ಹಾಕಿ ಸೊಪ್ಪು ಕುದಿಸಿದಳು, ಮೆಕ್ಕೆಜೋಳದ ರೊಟ್ಟಿಗೆ ಎರಡು ಮೊಟ್ಟೆ ಹೆಚ್ಚು ಒಡೆದಳು. ಹೆಪ್ಸಿಯ ಮುಖವೂ ಅರಳಿತ್ತು.

"ಹಾಲ್‌ನ ಚಿತ್ರಾನೇ ಬೇಕಂತಾ ಅವರಿಗೆ?" ಎಂದು ಕೇಳಿದಳು.

"ಅದೇ ಬೇಕಂತೆ ಅಮ್ಮಾ."

"ಇರಲಿ. ಕೈ ಕೊಟ್ಟವನು ದೇವರು. ಏನು ಬರೀತೀಯೋ ಅದರ ಲೆಕ್ಕ ನೀನೂ ಅವನೂ ನೋಡ್ಕೊಳ್ಳಿ." ರೊಟ್ಟಿ ಮುರಿಯುತ್ತ, "ನಂಗೂ ಒಂದು ಸುದ್ದಿ ಇದೆ," ಎಂದಳು. "ಮೇ ಮೊದಲನೇ ಭಾನುವಾರ ನಮ್ಮ ಸಭೆಗೆ ಇಪ್ಪತ್ತೈದು ವರ್ಷ. ಪಾದ್ರಿಗಳು ನನ್ನನ್ನ ಕರೆದು, ಮದರ್ ಹೆಪ್ಸಿ, ಮೊದಲನೇ ಸಲ ಕರ್ತನ ಭೋಜನಕ್ಕೆ ಹಾಸಿದ್ವಲ್ಲ, ನೀವು ಮಿಸಿಸಿಪ್ಪಿಯಿಂದ ತಂದ ಬಟ್ಟೆ, ಅದನ್ನೇ ಆವತ್ತು ಹಾಸಬೇಕು ಅಂದ್ರು."

"ಯಾವ ಬಟ್ಟೆ ಅಜ್ಜೀ?" ಎಂದಳು ಕ್ಲೀಟಾ.

ಹೆಪ್ಸಿ ಹೇಳಿದಳು. ಊರಿನ ಚರ್ಚನ್ನು ಯಾರೋ ಸುಟ್ಟುಹಾಕಿದ್ದರು. ಆ ವಾರ ಕರ್ತನ ರೊಟ್ಟಿ, ದ್ರಾಕ್ಷಾರಸ ಇಡುವ ಮೇಜಿನ ಬಟ್ಟೆ ಒಗೆಯುವ ಸರದಿ ಹೆಪ್ಸಿಯ ತಾಯಿಯದು. ಹಾಗಾಗಿ ಅದು ಮನೆಯ ಹಗ್ಗದ ಮೇಲೆ ಒಣಗುತ್ತಿತ್ತು. ಗಂಟೆ, ಪುಸ್ತಕ, ಬೆಂಚು ಎಲ್ಲ ಬೂದಿಯಾಗಿ ಉಳಿದದ್ದು ಅದೊಂದೇ. ಹಾರಿಬಂದ ಕಿಡಿಗೆ ಮೂಲೆಯಲ್ಲಿ ತೂತು ಬಿದ್ದಿತ್ತು, ತಾಯಿ ಅದನ್ನು ಕೂತು ರಫು ಮಾಡಿದಳು. ರೈಲು ಹತ್ತುವ ದಿನ ಮಗಳ ಕೈಗೆ ಕೊಟ್ಟಳು. ಇಲ್ಲಿ ಮೀನಿನಂಗಡಿ ಖಾಲಿಯಾದ ಜಾಗದಲ್ಲಿ ಸಭೆ ಸೇರಿದಾಗ, ಎರಡು ಪೀಪಾಯಿಯ ಮೇಲೆ ಹಲಗೆಯಿಟ್ಟು ಅದನ್ನೇ ಹಾಸಿದ್ದರು.

"ಈ ಮನೆ ಬೀಗ ನಂಬೋ ಹಾಗಿಲ್ಲ. ಚಿಂದಿ ಚೀಲದಲ್ಲಿ ಹುದುಗಿಸಿಟ್ಟಿದೀನಿ," ಎಂದು ಹೆಪ್ಸಿ ತುಸು ಜಂಬದಿಂದಲೇ ನಕ್ಕಳು. "ಕಳ್ಳ ಬಂದ್ರೂ ಚಿಂದಿಗೆ ಕೈ ಹಾಕ್ತಾನಾ?"

ರೈಲು ಬಂತು. ಬಟ್ಟಲುಗಳು ಅಲ್ಲಾಡಿದವು. ರೈಲು ಹೋದ ಮೇಲೂ ವರ್ಡಿಯಾಗಲಿ ಆರ್ಲಿಸನಾಗಲಿ ಮಾತಾಡಲಿಲ್ಲ.

ಊಟವಾದ ಮೇಲೆ ಇಬ್ಬರೂ ಹೊರಗಿನ ಮರದ ಮೆಟ್ಟಿಲ ಮೇಲೆ ನಿಂತರು.

"ನಾನು ಹೇಳ್ತೀನಿ," ಎಂದಳು ವರ್ಡಿ. "ಕೊಟ್ಟವಳು ನಾನು."

"ಮೊಳೆ ಹೊಡೆದವನು ನಾನು."

"ನಾಳೆ ಹೇಳ್ತೀನಿ."

ನಾಳೆ ಎಂಬುದು ಒಂಬತ್ತು ದಿನ ಆಯಿತು. ಎರಡನೆಯ ದಿನವೇ ಹೆಪ್ಸಿ ಚೀಲ ತೆರೆದಳು. ಮಂಚದ ಕೆಳಗೆ ನೋಡಿದಳು, ಬೀರು ಸರಿಸಿದಳು, ಸಕ್ಕರೆ ಡಬ್ಬಿಯನ್ನೂ ಬಿಡಲಿಲ್ಲ. ಚೀಲದಲ್ಲಿ ತಾನಿಡದ ದುಪ್ಪಟಿ ಇತ್ತು. ಅದನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು. ವರ್ಡಿ ಬಾಯಿ ತೆರೆದಳು. ಬಾಚಣಿಗೆ ಕಾದಿತ್ತು, ಕುರ್ಚಿಯಲ್ಲಿ ಹೆಂಗಸೊಬ್ಬಳು ಕೂತಿದ್ದಳು. ಪರರೆದುರಿಗೆ ಬೇಡವೆಂದು ಬಾಯಿ ಮುಚ್ಚಿದಳು. ಆಮೇಲೆ ತೆರೆಯುವುದು ಇನ್ನೂ ಕಷ್ಟವಾಯಿತು.

ಹೆಪ್ಸಿಯ ಅನುಮಾನ ಎದುರುಬಾಗಿಲಿಗೆ ಹೋಯಿತು. ಐಡೆಲ್ಲಾ ಮನೆಯೊಳಗೆ ಓಡಾಡಿಕೊಂಡಿರುವವಳು. ಒಳ್ಳೆಯ ಬಟ್ಟೆ ಕಂಡರೆ ಬೆರಳಿನಿಂದ ಮುಟ್ಟಿ ನೋಡುವವಳು. ಹೆಪ್ಸಿ ಅವಳ ಕೇಕಿನ ಪಾತ್ರೆಯನ್ನೂ ಇಸ್ತ್ರಿಪೆಟ್ಟಿಗೆಯನ್ನೂ ತೊಳೆದು ಒರೆಸಿ ಅವಳ ಹೊಸ್ತಿಲ ಮೇಲಿಟ್ಟಳು.

"ಇದೇನು ಹೆಪ್ಸಿ? ಇಸ್ತ್ರಿ ನಿಂಗೆ ಬೇಕಾಗಲ್ವಾ?" ಐಡೆಲ್ಲಾ ಬಾಗಿಲಲ್ಲೇ ನಿಂತು ಕೇಳಿದಳು.

"ನಿಂದು ನಿಂಗೆ ತಂದುಕೊಟ್ಟೆ. ನಂದು ಯಾರ ಹತ್ರ ಇದೆಯೋ ಅವರೂ ತಂದುಕೊಟ್ರೆ ದೇವರು ಕ್ಷಮಿಸ್ತಾನೆ."

"ನಿಂದು ಏನಿದೆ ನನ್ಹತ್ರ?"

"ಅದು ನಿನ್ನ ಮನಸ್ಸಿಗೆ ಗೊತ್ತು."

ಐಡೆಲ್ಲಾಳ ಮುಖ ಬೂದಿಯಾಯಿತು. ಬಾಗಿಲು ಮೆಲ್ಲಗೆ, ಸದ್ದಿಲ್ಲದೆ ಮುಚ್ಚಿಕೊಂಡಿತು. ಬಚ್ಚಲಿನಿಂದ ನೀರು ತರುತ್ತಿದ್ದ ವರ್ಡಿ ಕೊಡವನ್ನು ಅಲ್ಲೇ ಇಳಿಸಿದಳು. ಇನ್ನು ಒಂದು ಉಸಿರು ತಡ ಮಾಡಿದರೆ ದೇವರಿರಲಿ, ತನ್ನ ನೆರಳೂ ತನ್ನನ್ನು ಕ್ಷಮಿಸುವುದಿಲ್ಲ ಅನಿಸಿತು.

ಒಳಗೆ ಬಂದ ಹೆಪ್ಸಿ ಸೊಪ್ಪು ಬಿಡಿಸಲು ಕೂತಳು. ವರ್ಡಿ ಎದುರಿಗೆ ಕೂತು, ತಾನೂ ಒಂದು ಹಿಡಿ ತೆಗೆದುಕೊಂಡಳು.

"ಅಮ್ಮಾ, ಐಡೆಲ್ಲಾ ತಗೊಂಡಿಲ್ಲ. ನಾನು ತಗೊಂಡೆ."

ಹೆಪ್ಸಿಯ ಕೈ ನಿಂತಿತು.

"ಕೌದಿಗೆ ಇಟ್ಟ ಹಳೇ ಬಟ್ಟೆ ಅಂದ್ಕೊಂಡೆ. ಆ ದುಪ್ಪಟಿ ನಂದೇ, ಬದಲಿಗೆ ಇಟ್ಟಿದ್ದು. ಬಟ್ಟೆ..." ಅವಳು ಕಣ್ಣೆತ್ತಿ ಮಂಚದ ಕಡೆ ನೋಡಿದಳು.

ಹೆಪ್ಸಿ ಎದ್ದಳು. ಮಡಿಲಿನ ಸೊಪ್ಪು ನೆಲಕ್ಕೆ ಬಿತ್ತು. ಶಾಲು ತೆಗೆದು, ಚಿತ್ರವನ್ನು ನೋಡದೆ, ಕುರುಡರು ಮುಖ ಸವರುವ ಹಾಗೆ ಬಲಮೂಲೆಯನ್ನು ಬೆರಳಿನಿಂದ ಸವರಿದಳು. ಊದುವವನ ಭುಜದ ಮೇಲೆ, ಬಣ್ಣದ ಅಡಿಯಲ್ಲಿ, ಬೆರಳು ನಿಂತಿತು. ತಾಯಿಯ ರಫು ಅಲ್ಲಿತ್ತು.

"ಕರ್ತನ ಮೇಜಿನ ಮೇಲೆ," ಎಂದಳು. ಸ್ವಲ್ಪ ತಡೆದು, "ಕುಣೀತಿದಾರೆ," ಎಂದಳು. 

ಬೈದಿದ್ದರೆ ವರ್ಡಿಗೆ ಎಷ್ಟೋ ಹಗುರಾಗುತ್ತಿತ್ತು. ಹೆಪ್ಸಿ ಬೈಯಲಿಲ್ಲ. ಅಡುಗೆ ಮಾಡಿದಳು, ಎಲ್ಲರಿಗೂ ಬಡಿಸಿದಳು, ತಾನು ಒಲೆಯ ಹತ್ತಿರ ನಿಂತು ಮಜ್ಜಿಗೆಗೆ ರೊಟ್ಟಿ ಪುಡಿಮಾಡಿಕೊಂಡು ಉಂಡಳು. ಪಾತ್ರೆ ತೊಳೆಯುವಾಗ ಗುನುಗುತ್ತಿದ್ದ ಹಾಡು ನಿಂತುಹೋಯಿತು. ಹತ್ತಿರದ ಗ್ಯಾರಿ ಊರಿನಲ್ಲಿದ್ದ ಮಗಳಿಗೆ ಕಾಗದ ಬರೆಯಲು ಮೊಮ್ಮಗಳನ್ನು ಕೂರಿಸಿಕೊಂಡಳು: ಸಭೆಯ ಹಬ್ಬ ಮುಗಿದ ಮೇಲೆ ಬರುತ್ತೇನೆ, ಇರುವುದಕ್ಕೇ ಬರುತ್ತೇನೆ, ನಿನ್ನ ಮನೆಯಲ್ಲಿ ನನಗೊಂದು ಮೂಲೆ ನೋಡು.

ಕ್ಲೀಟಾ ಬರೆದು ಮುಗಿಸಿ ಅಳುತ್ತ ತಾಯಿಯ ಹತ್ತಿರ ಬಂದಳು. "ಅಜ್ಜಿ ನಿಜವಾಗ್ಲೂ ಹೋಗ್ತಾರಾ?"

"ಟಪಾಲಿಗೆ ಹಾಕಿದ್ಯಾ?"

"ಅಜ್ಜೀನೇ ಹಾಕಿದ್ರು."

ಆ ರಾತ್ರಿ ಆರ್ಲಿಸ್ ಉಣ್ಣಲಿಲ್ಲ. ಭಾನುವಾರ ಬೆಳಗ್ಗೆ, ಎಂದೂ ಇಲ್ಲದ್ದು, ಅವನು ಬಣ್ಣ ಕಲಸಲಿಲ್ಲ. ಟರ್ಪೆಂಟೈನ್ ಶೀಶೆ, ಚಿಂದಿ, ಬಣ್ಣ ಕೆರೆಯುವ ಅಗಲ ಚಾಕು ತೆಗೆದು ಚಿತ್ರದ ಮುಂದೆ ನಿಂತ.

"ಏನ್ ಮಾಡ್ತಿದೀಯ?" ವರ್ಡಿ ಅವನ ಮಣಿಕಟ್ಟು ಹಿಡಿದಳು.

"ತೆಗೀತೀನಿ. ಎಲ್ಲ ತೆಗೀತೀನಿ. ಇನ್ನೊಂದು ಬರೀಬಹುದು."

"ಹದಿನಾರು ವರ್ಷ ಬರೆದಿದೀಯ. ಇಂಥದ್ದು ಇನ್ನೊಂದು ಬರೀಲಿಲ್ಲ."

"ಬಿಡು ವರ್ಡಿ."

"ಬಿಡಲ್ಲ. ತಪ್ಪು ನಂದು, ಶಿಕ್ಷೆ ಅದಕ್ಕಾ?"

"ಅಮ್ಮ ಹೋಗ್ತಾಳೆ ಕಣೆ!" ಎಂದು ಅವನು ಕೂಗಿದ. ನಲವತ್ತರ ಗಂಡಸು, ಗಂಟಲು ಹುಡುಗನದಾಗಿತ್ತು.

ಟೋಪಿಗೆ ಪಿನ್ನು ಚುಚ್ಚುತ್ತಿದ್ದ ಹೆಪ್ಸಿ ಕನ್ನಡಿಯಿಂದ ತಿರುಗಿದಳು. ವಾರದಲ್ಲಿ ಮೊದಲ ಸಲ ಮಗನನ್ನು ನೇರ ಕೇಳಿದಳು: "ಬಣ್ಣ ತೆಗೆದ್ರೆ ಬಟ್ಟೆ ಬಿಳಿ ಬರತ್ತಾ?"

ಆರ್ಲಿಸ್ ಸುಳ್ಳು ಹೇಳುವವನಲ್ಲ. "ಇಲ್ಲಮ್ಮಾ. ಅಂಟು ನೂಲಿನೊಳಗೇ ಹೋಗಿದೆ. ಹರಿದ್ರೂ ಹರಿಯಬಹುದು."

"ಒಂದಂತೂ ಹೋಯ್ತು. ಇನ್ನೊಂದನ್ನ ಯಾಕೆ ಸಾಯಿಸ್ತೀಯ? ಇಡು ಆ ಚಾಕು."

ಅವನು ಇಟ್ಟ. ಹೆಪ್ಸಿ ಟೋಪಿ ಬಿಚ್ಚದೆಯೇ ಕುರ್ಚಿ ಎಳೆದುಕೊಂಡು ಚಿತ್ರದೆದುರು ಕೂತಳು. "ಹಾಳಾಗಿದ್ದು ಏನಕ್ಕೆ ಅಂತಾದ್ರೂ ನೋಡ್ತೀನಿ," ಎಂದಳು. ಪೂರ್ವದ ಬೆಳಕು ಚಿತ್ರದ ಮೇಲೆ ಅಡ್ಡಲಾಗಿ ಬಿದ್ದಿತ್ತು. ಚರ್ಚಿನ ಹೊತ್ತು ಮೀರುತ್ತಿತ್ತು. ಯಾರೂ ಅದನ್ನು ನೆನಪಿಸಲಿಲ್ಲ.

"ಈ ಚಪ್ಪಲಿ ಹಿಡ್ಕೊಂಡಿರೋಳು ಲಾಂಡ್ರಿ ಹುಡುಗಿ ಅಲ್ವಾ? ನನ್ನ ಜೊತೆ ಇಸ್ತ್ರಿ ಮಾಡ್ತಿದ್ದಳಲ್ಲ, ಓಮೀ."

"ಹೌದಮ್ಮಾ."

"ದಿನವೆಲ್ಲ ನಿಂತು ಕಾಲು ಊದಿರತ್ತೆ. ಆದ್ರೂ ಕುಣೀತಾಳಲ್ಲ ಪುಣ್ಯಾತ್ಗಿತ್ತಿ." ಕಣ್ಣು ಮೆಲ್ಲಗೆ ಸರಿಯಿತು. "ಇವನು ಬಾಗಿಲು ಕಾಯೋನು. ಇವಳು ಯಾರೋ ಗೊತ್ತಾಗ್ಲಿಲ್ಲ, ಮುಖ ಚೆನ್ನಾಗಿದೆ." ಆಮೇಲೆ ಮೊಣಕೈಯೂರಿ ನಗುವ ಬಡಕಲು ಮನುಷ್ಯನ ಹತ್ತಿರಕ್ಕೆ ಬಾಗಿದಳು. "ಇದು ಥ್ಯಾಡ್. ನಮ್ಮ ಸಭೆಯ ಡೋರ್ಕಸ್‌ ಮಗ."

"ಹೂಂ. ಹಾಲ್‌ನಲ್ಲೇ ಕೆಲಸ. ಕುರ್ಚಿ ಜೋಡಿಸ್ತಾನೆ, ಗುಡಿಸ್ತಾನೆ. ಹಿಂದಿನ ಕೋಣೇಲೇ ಮಲಗ್ತಾನೆ."

"ಇಷ್ಟು ಬಡಕಲಾಗಿದಾನಾ?"

"ನಾನು ಒಂದು ಹಿಡಿ ಮಾಂಸ ಸೇರಿಸೇ ಬರೆದಿದೀನಿ."

"ಒಂಬತ್ತು ವರ್ಷದಿಂದ ಪ್ರತಿ ಬುಧವಾರ ಪ್ರಾರ್ಥನೇಲಿ ಡೋರ್ಕಸ್ ಅವನ ಹೆಸರು ಎತ್ತುತ್ತಾಳೆ. ನಾವೆಲ್ಲ ಆಮೆನ್ ಅಂತೀವಿ. ತಂದೆ ಹೊಡೆದು ಓಡಿಸಿದ್ದು. ಆ ತಂದೇನೂ ಹೋದ. ಅವನು ಎಲ್ಲಿದಾನೋ ಅಂತ ನಾನು ಒಂದು ದಿನ ಕೇಳ್ಲಿಲ್ಲ. ನೋಡಿದ್ರೆ ನನ್ನ ಮಂಚದ ಮೇಲೇ ಇದಾನೆ." ಹೆಪ್ಸಿ ಕೈ ಎತ್ತಿ ಮತ್ತೆ ಇಳಿಸಿದಳು. "ಆ ಓಮೀನೂ ಸಭೆಗೆ ಬಂದಿದ್ದೋಳೇ. ಬಟ್ಟೆ ಸರಿ ಇಲ್ಲ ಅಂತ ಯಾರೋ ಅಂದ್ರು, ಬಿಟ್ಟಳು. ಮೇಜಿಗೆ ಬಾರದೇ ಇರೋರೆಲ್ಲ ಬಂದು ಕೂತುಬಿಟ್ಟಿದಾರೆ ಇಲ್ಲಿ."

ವರ್ಡಿ ಅತ್ತೆಯ ಮುಖ ನೋಡಿದಳು. ಕ್ಷಮಿಸಿದಂತಿರಲಿಲ್ಲ. ಆದರೆ ಆ ಮಧ್ಯಾಹ್ನ ಹೆಪ್ಸಿ ತಟ್ಟೆ ಹಿಡಿದು ಎಲ್ಲರ ಜೊತೆ ಮೇಜಿಗೆ ಬಂದು ಕೂತಳು.

ಹಬ್ಬದ ಹಿಂದಿನ ದಿನ ಹೆಪ್ಸಿ ಗೆಣಸಿನ ಕಡುಬು ಬೇಯಿಸಿದಳು. ಹಿಟ್ಟಿನ ತಳ, ಮೇಲೆ ಜಾಯಿಕಾಯಿ. ಅದನ್ನು ಹಿಡಿದು ಎದುರುಬಾಗಿಲು ತಟ್ಟಿದಳು. ವರ್ಡಿ ಹಿಂದೆಯೇ ನಿಂತಳು.

"ಐಡೆಲ್ಲಾ, ನನ್ನ ಬಾಯಿ ಸುಡಬೇಕು. ಕಳ್ಳತನ ಆಗಿರ್ಲಿಲ್ಲ. ನನ್ನ ಮನೇಲೇ ಇತ್ತು, ನನ್ನ ತಲೆ ಮೇಲೇ."

ಐಡೆಲ್ಲಾ ಕಡುಬು ನೋಡಿದಳು, ಹೆಪ್ಸಿಯನ್ನು ನೋಡಿದಳು. "ಎರಡು ವಾರ ನಿದ್ದೆ ಮಾಡಿಲ್ಲ ನಾನು. ಒಂದು ಕಡುಬಿಗೆ ಹೋಗತ್ತಾ ಅದು?"

"ಹೋಗಲ್ಲ."

"ಎರಡು ಬೇಕು."

"ಮಂಗಳವಾರ ತರ್ತೀನಿ."

"ಇಸ್ತ್ರಿ ತಗೊಂಡ್ಹೋಗು ಹಾಗಾದ್ರೆ. ನಾಳೆ ಆ ಸುಕ್ಕು ಬಿಳಿ ಅಂಗಿ ಹಾಕ್ಕೊಂಡು ಹೋಗ್ಬೇಡ, ನಮ್ಮ ಮಹಡಿ ಮರ್ಯಾದೆ ಹೋಗತ್ತೆ."

ಭಾನುವಾರ ಸಭೆಯ ಹಿರಿಯ ಹೆಂಗಸರು, ಬಿಳಿ ಉಡುಪಿನ ಮದರ್‌ಗಳು, ಮುಂದಿನ ಬೆಂಚಿನಲ್ಲಿ ಸಾಲಾಗಿ ಕೂತಿದ್ದರು. ಮೇಜಿನ ಮೇಲೆ ಅಂಗಡಿಯಿಂದ ತಂದ ಹೊಸ ಬಟ್ಟೆ. ಒಬ್ಬೊಬ್ಬರೇ ಎದ್ದು ದೇವರ ಉಪಕಾರ ನೆನೆದು ಸಾಕ್ಷಿ ಹೇಳುವ ಹೊತ್ತು ಬಂದಾಗ ಪಾದ್ರಿಗಳು ಹೆಪ್ಸಿಯ ಕಡೆ ನೋಡಿದರು. ಅವಳು ಎದ್ದಳು. ಎಲ್ಲರೂ ಹಳೆಯ ಬಟ್ಟೆಯ ಕತೆಗೆ ಕಿವಿ ಕೊಟ್ಟು ಕೂತರು.

"ಬಟ್ಟೆ ತಂದಿಲ್ಲ," ಎಂದಳು ಹೆಪ್ಸಿ. "ಅದು ಈಗ..."

ಹಿಂದಿನ ಸಾಲಿನಲ್ಲಿ ವರ್ಡಿ ಎದ್ದು ನಿಂತಳು. ಹದಿನೈದು ವರ್ಷದಲ್ಲಿ ಆ ಸಭೆಯಲ್ಲಿ ಬಾಯಿ ತೆರೆದವಳಲ್ಲ. ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡಳು. "ನಾನು ಕೊಟ್ಟುಬಿಟ್ಟೆ. ನನ್ನ ಗಂಡನಿಗೆ, ಚಿತ್ರ ಬರಿಯೋಕೆ. ನಂಗೆ ಗೊತ್ತಿರ್ಲಿಲ್ಲ. ಅಮ್ಮನ ತಪ್ಪಿಲ್ಲ ಇದರಲ್ಲಿ."

ಟೋಪಿಗಳೆಲ್ಲ ಒಮ್ಮೆಲೇ ತಿರುಗಿದವು. "ಕೂತ್ಕೋ ಮಗಳೇ," ಎಂದಳು ಹೆಪ್ಸಿ. "ಅರ್ಧ ತಪ್ಪು ನಂದು. ದೇವರ ಬಟ್ಟೇನ ನನ್ನ ಸೊತ್ತು ಅಂತ ಚಿಂದಿ ಅಡಿ ಬಚ್ಚಿಟ್ಟೆ, ಮನೆಯವರಿಗೂ ಹೇಳದೆ. ಅದರ ಮೇಲೆ ಈಗ ನೀಲಿದೀಪದ ಹಾಲ್ ಇದೆ." ಗುಸುಗುಸು ಎದ್ದಿತು. ಅವಳು ಸ್ವರ ಏರಿಸಲಿಲ್ಲ. "ಹೌದು, ಅದೇ ಹಾಲ್. ಒಂದು ವಾರ ನಾನು ಅನ್ನ ಸರಿಯಾಗಿ ಉಣ್ಲಿಲ್ಲ. ಆಮೇಲೆ ಕೂತು ನೋಡಿದೆ. ನಾವು ಬುಧವಾರ ಹೆಸರು ಹಿಡಿದು ಕರೀತೀವಲ್ಲ, ಅವರು ಕಂಡ್ರು. ಅಷ್ಟೇ ನನ್ನ ಸಾಕ್ಷಿ."

ಯಾರೂ ಆಮೆನ್ ಅನ್ನಲಿಲ್ಲ. ಬೀಸಣಿಗೆಗಳೂ ನಿಂತಿದ್ದವು. ಬಿಳಿ ಸಾಲಿನ ತುದಿಯಿಂದ ಡೋರ್ಕಸ್ ಕೂತಲ್ಲೇ ಕೇಳಿದಳು, "ನನ್ನ ಥ್ಯಾಡ್ ಇದಾನಾ ಅದರಲ್ಲಿ?"

"ಇದಾನೆ."

ಚರ್ಚು ಬಿಟ್ಟ ಮೇಲೆ ಡೋರ್ಕಸ್ ಮೂರು ಮಹಡಿ ಹತ್ತಿ ಬಂದಳು, ಪ್ರತಿ ತಿರುವಿನಲ್ಲಿ ನಿಂತು ಉಸಿರೆಳೆದುಕೊಂಡು. ಆರ್ಲಿಸ್ ಕುರ್ಚಿ ಒರೆಸಿ ಹಾಕಿದ. ಅವಳು ಕೂರಲಿಲ್ಲ. ಕೈಚೀಲವನ್ನು ಎದೆಗೆ ಹಿಡಿದು ನಿಂತೇ ನೋಡಿದಳು.

"ಹೀಗೇ ನಕ್ಕನಾ? ಇಲ್ಲ ನೀನೇ ನಗಿಸಿ ಬರೆದ್ಯಾ?"

"ಹೀಗೇ ನಕ್ಕ ತಾಯೀ. ಅದು ನನ್ನ ಕೈಲಿ ಕಟ್ಟೋಕೆ ಬರಲ್ಲ."

"ಮುಂದಿನ ಹಲ್ಲು ಒಂದು ಇಲ್ಲ."

"ಹೌದು."

"ಅದು ನಂಗೆ ಗೊತ್ತಿರ್ಲಿಲ್ಲ," ಎಂದಳು ಡೋರ್ಕಸ್. ವರ್ಡಿ ಅವಳ ತೋಳು ಹಿಡಿದು ಮೆಲ್ಲಗೆ ಕೂರಿಸಿದಳು. ಕ್ಲೀಟಾ ನೀರು ತಂದಳು. ಡೋರ್ಕಸ್ ಕುಡಿದು, ಲೋಟ ಮಡಿಲಲ್ಲಿಟ್ಟುಕೊಂಡು, "ಎಷ್ಟು ಹೊತ್ತಿಗೆ ಉಣ್ತಾನೆ ಅವನು?" ಎಂದು ಕೇಳಿದಳು.

ಸೋಮವಾರ ಕಲಾಮನೆಯವರು ಬಂದು, ಚಿತ್ರವನ್ನು ಕಂಬಳಿಯಲ್ಲಿ ಸುತ್ತಿ ಇಳಿಸಿಕೊಂಡು ಹೋದರು. ಮಂಚದ ಮೇಲಿನ ಗೋಡೆ ಬರಿದಾಯಿತು. ಹೆಪ್ಸಿಯ ಟ್ರಂಕು ಆ ಗೋಡೆಗೆ ಒರಗಿಕೊಂಡು ಅರ್ಧ ತುಂಬಿ ಕೂತಿತ್ತು. ವರ್ಡಿ ಅದರ ಸುತ್ತ ಗುಡಿಸಿದಳು, ಅದನ್ನು ಸರಿಸಲಿಲ್ಲ, ಅದರ ಮಾತೆತ್ತಲಿಲ್ಲ.

ಶನಿವಾರ ನಾಲ್ಕು ಗಂಟೆಯ ಬಿಸಿಲಿನಲ್ಲಿ ಮೂವರು ಹೆಂಗಸರು ಬೀದಿಯಲ್ಲಿ ನಡೆದರು. ಡೋರ್ಕಸ್‌ಳ ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ: ಕರಿದ ಕೋಳಿ, ಬೆಂಡೆಕಾಯಿ, ಎರಡು ರೊಟ್ಟಿ. ಹೆಪ್ಸಿ ಎಲ್ಲಿಗೆ ಹೋಗುತ್ತಿದ್ದೇವೆಂದು ದಾರಿಯವರಿಗೆ ಗೊತ್ತಾಗಬಾರದೆಂದೋ ಏನೋ, ಚರ್ಚಿನ ಟೋಪಿ ಹಾಕಿದ್ದಳು. ಕ್ಷೌರದಂಗಡಿಯ ಮುಂದೆ ಕೂತವರು ಎದ್ದು ನಮಸ್ಕರಿಸಿ, ಅವರು ತಿರುಗಿದ ಬೀದಿ ನೋಡಿ ಹಾಗೇ ನಿಂತುಬಿಟ್ಟರು.

ನೀಲಿದೀಪದ ಹಾಲ್‌ನ ಬಾಗಿಲು ತೆರೆದಿತ್ತು. ಹಗಲಲ್ಲಿ ದೀಪ ಬರೀ ಗಾಜು. ಒಳಗಿನಿಂದ ನೆನ್ನೆಯ ಹೊಗೆಯ ವಾಸನೆ, ಪೊರಕೆಯ ಸದ್ದು.

"ಥ್ಯಾಡ್," ಎಂದಳು ಡೋರ್ಕಸ್. ಮೆಲ್ಲಗೆ ಕರೆದದ್ದು. ಪೊರಕೆ ನಿಂತಿತು.

ಅವನು ಬಾಗಿಲಿಗೆ ಬಂದ. ಬಿಸಿಲಿಗೆ ಕಣ್ಣು ಕಿರಿದುಮಾಡಿ, ತಾಯಿಯನ್ನು ಕಂಡು, ತಲೆಯ ಮೇಲಿಲ್ಲದ ಟೋಪಿ ತೆಗೆಯಲು ಕೈ ಎತ್ತಿದ. ಕೈ ಅಲ್ಲೇ ಉಳಿಯಿತು.

"ಅಮ್ಮಾ, ಇಲ್ಲಿಗೆಲ್ಲ ನೀನು..."

"ನಾನು ಒಳಗೆ ಬರಲ್ಲ. ಇದನ್ನ ಹಿಡಿ. ಬಿಸಿ ಇದೆ."

ಅವನು ಹಿಡಿದ. ಇಬ್ಬರ ಬೆರಳೂ ತಟ್ಟೆಯ ಕೆಳಗೆ ಸ್ವಲ್ಪ ಹೊತ್ತು ಜೊತೆಯಾಗಿದ್ದವು. ಬೆಂಡೆಕಾಯಿಯ ವಾಸನೆಗೆ ಅವನು ಬಟ್ಟೆಯ ಅಂಚು ಎತ್ತಿ ನೋಡಿದ.

"ಹೇಗೆ ಗೊತ್ತಾಯ್ತು ನಿಂಗೆ, ನಾನು ಇಲ್ಲಿ..." ಎಂದು ಏನೋ ಹೇಳಹೊರಟು ಬಿಟ್ಟ.

"ತಟ್ಟೆ ನನ್ನ ಮದುವೇದು," ಎಂದಳು ಡೋರ್ಕಸ್. "ಉಳಿದಿರೋದು ಅದೊಂದೇ. ವಾಪಸ್ಸು ಬೇಕು ನಂಗೆ. ಚರ್ಚಿಗೇ ತಂದುಕೊಡು. ಯಾವ ಬಟ್ಟೇಲಾದ್ರೂ ಬಾ, ನಿನ್ನ ಬಟ್ಟೆ ಬಗ್ಗೆ ಒಬ್ಬರು ಒಂದು ಮಾತಾಡ್ಲಿ, ನಾನು ನೋಡ್ಕೋತೀನಿ."

"ನಾಳೇನಾ?"

"ನಾಳೆ. ಇಲ್ಲ ಬರೋ ಭಾನುವಾರ. ಅದರಾಚೆ ಭಾನುವಾರ. ತಟ್ಟೆ ಕೆಟ್ಟು ಹೋಗಲ್ಲ."

ವಾಪಸ್ಸು ಬರುವಾಗ ಡೋರ್ಕಸ್ ಮುಂದೆ ಮುಂದೆ ನಡೆದಳು; ಅವಳ ಬೆನ್ನು ಅಳುತ್ತಿದೆಯೋ ನಗುತ್ತಿದೆಯೋ ಹಿಂದಿನವರಿಗೆ ತಿಳಿಯುತ್ತಿರಲಿಲ್ಲ. ಹೆಪ್ಸಿಗೆ ಮೊಣಕಾಲು ನೋವು. ಅವಳು ವರ್ಡಿಯ ತೋಳಿನೊಳಗೆ ತನ್ನ ತೋಳು ತೂರಿಸಿ, ಭಾರವನ್ನೆಲ್ಲ ಅವಳ ಮೇಲೆ ಬಿಟ್ಟು ನಡೆದಳು. ಮೇಲೆ ರೈಲು ಹಾದುಹೋಯಿತು.

"ನಾಳೆ ತರ್ತಾನೆ ಅಂತೀಯಾ?" ಎಂದಳು ಹೆಪ್ಸಿ.

"ನಾಳೆ ಬರಲ್ಲ ಅನ್ಸತ್ತೆ ಅಮ್ಮಾ."

"ನಂಗೂ ಹಾಗೇ ಅನ್ಸತ್ತೆ. ತಿಂಗಳಾಗಬಹುದು. ಎರಡಾಗಬಹುದು." ಇನ್ನೂ ನಾಲ್ಕು ಹೆಜ್ಜೆ ನಡೆದು, "ಗ್ಯಾರಿಗೆ ಇನ್ನೊಂದು ಕಾಗದ ಬರಿಸು ಕ್ಲೀಟಾ ಕೈಲಿ," ಎಂದಳು. "ಅಜ್ಜಿ ಬರಲ್ಲ ಅಂತ. ಇಲ್ಲಿ ಒಂದು ತಟ್ಟೆ ಬರೋದಿದೆ, ಕಾಯಬೇಕು ಅಂತ."